ಹೆಣೆದ ಚಿತ್ರವನ್ನು ಬಿಡಿಸುವ ಬಗೆ

ಛಂದಸ್ಸನ್ನೂ ವ್ಯಾಕರಣವನ್ನೂ ಬೋಧಿಸಿಕೊಂಡು ಬಂದ ಕನ್ನಡ ಪಂಡಿತನೊಬ್ಬನು ವಿಡಿಯೋ ಚಿತ್ರಗಳ ವಿಚಾರವಾಗಿ ಲೇಖನ ಬರೆಯಲು ತೊಡಗಿರುವುದು ಈ ಸಂಚಿಕೆಯ ಓದುಗರಿಗೆ ಸೋಜಿಗವನ್ನುಂಟುಮಾಡಬಹುದು. ಸಂಪಾದಕ ಮಂಡಲಿಯವರು ನನ್ನಿಂದ ಅಪೇಕ್ಷಿಸಿದ್ದುದು ಷಟ್ಪದಿಯನ್ನು ಕುರಿತ ಒಂದು ಬರೆಹವನ್ನು. ಆದರೆ ಕಳೆದ ವರ್ಷ ನಡೆದ ಒಂದು ಪ್ರಸಂಗವು ನನ್ನ ಮನಸ್ಸನ್ನು ಬೇರೆಡೆಗೆ ಎಳೆದುದರಿಂದ, ಅವರ ಅನುಮತಿಯನ್ನು ಪಡೆದು ಈ ವಿಷಯವನ್ನು ಆಯ್ದುಕೊಂಡಿದ್ದೇನೆ. ಷಟ್ಪದಿಗೂ ಇದಕ್ಕೂ ಸಂಬಂಧವಿಲ್ಲದಿಲ್ಲ.

ನಮ್ಮ ಶಾಲೆಯ ಸುವರ್ಣ ಮಹೋತ್ಸವವು 1996ರಲ್ಲಿ ಜರುಗಿದಾಗ ಮೂರು ದಿನಗಳ ಕಾರ್ಯಕ್ರಮಗಳನ್ನು ವಿ.ಎಚ್.ಎಸ್. ಕ್ಯಾಸೆಟ್ಟುಗಳಲ್ಲಿ ಚಿತ್ರೀಕರಿಸಲಾಗಿತ್ತು. ಎರಡನೆಯ ದಿನದ ಕ್ಯಾಸೆಟ್ಟಿನಲ್ಲಿ, ನನ್ನ ಗುರುಗಳೂ ಈ ಶಾಲೆಯ ಹಿರಿಯ ಪಂಡಿತರೂ ಆಗಿದ್ದು ಈಗ ಕೀರ್ತಿಶೇಷರಾಗಿರುವವರು, ಭಾಮಿನೀ ಷಟ್ಪದಿಯ ಲಕ್ಷಣವನ್ನು ಸಭೆಗೆ ವಿವರಿಸಿದ ಇಪ್ಪತ್ತು ನಿಮಿಷಗಳ ಭಾಗವಿತ್ತು. ಅವರ ಬೋಧನಕ್ರಮವೇ ಬೇರೆ. ಬಲಗೈಯ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತ ಮಾತ್ರೆಗಳನ್ನು ಎಣಿಸುತ್ತಿದ್ದರು. ಲಘುವಿಗೆ ಒಂದು ಸ್ಪರ್ಶ, ಗುರುವಿಗೆ ಒಂದು ಒತ್ತು. ಮೂರು ಮಾತ್ರೆಯ ಗಣದಿಂದ ನಾಲ್ಕು ಮಾತ್ರೆಯ ಗಣಕ್ಕೆ ಹೊರಳುವಾಗ ಮಣಿಕಟ್ಟು ತುಸುವೇ ತಿರುಗುತ್ತಿತ್ತು. ಕಿವಿಗೆ ತಿಳಿಯದ ಗಣವಿಭಾಗವು ಕಣ್ಣಿಗೆ ತಿಳಿಯುತ್ತಿತ್ತು. ಈ ಕ್ರಮವನ್ನು ಅವರು ಎಲ್ಲಿಯೂ ಬರೆದಿಡಲಿಲ್ಲ. ನೋಡಿ ಕಲಿತ ನಾವು ಕೆಲವರು ಅದನ್ನು ಅರೆಬರೆಯಾಗಿ ಅನುಕರಿಸುತ್ತೇವೆ, ಅಷ್ಟೆ.

ಆ ಕ್ಯಾಸೆಟ್ಟನ್ನು ಡಿಜಿಟಲ್ ರೂಪಕ್ಕೆ ತರಲೆಂದು ನಾನೇ ಒಂದು ಸ್ಟುಡಿಯೋದವರಿಗೆ ಒಪ್ಪಿಸಿದೆನು. ‘ಸಿನಿಮಾದ ಹಾಗೆ ಮಾಡಿಕೊಡುತ್ತೇವೆ’ ಎಂದು ಅವರು ಹೇಳಿದರು. ಅದು ಒಳ್ಳೆಯದೇ ಇರಬೇಕೆಂದು ತಲೆಯಾಡಿಸಿದೆನು. ತಿಂಗಳ ಬಳಿಕ ಒಂದು ಪೆನ್‌ಡ್ರೈವ್ ಕೈಸೇರಿತು. ಕ್ಯಾಸೆಟ್ಟನ್ನು ಕೇಳಿದರೆ, ಕೆಲಸ ಮುಗಿದುದರಿಂದ ಕಸಕ್ಕೆ ಹೋಯಿತೆಂಬ ಉತ್ತರ ಬಂದಿತು. ಚಿತ್ರವನ್ನು ಹಾಕಿ ನೋಡಿದಾಗ ಗುರುಗಳ ಮುಖವಿದೆ. ಧ್ವನಿಯಿದೆ, ಆದರೆ ಅದು ತುಸು ತಗ್ಗಿದೆ. ಕೈ ಇರುವೆಡೆಯಲ್ಲಿ ಮಾತ್ರ ಮಂಜು ಕವಿದಂತಿದೆ. ಬೆಂಗಳೂರಿನಲ್ಲಿ ಚಿತ್ರಸಂಕಲನದ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಅದನ್ನು ತೋರಿಸಿದೆನು. ಅವರು ಚಿತ್ರವನ್ನು ಒಂದೆಡೆ ನಿಲ್ಲಿಸಿ, ‘ಗುರುಗಳೇ, ಇಲ್ಲಿ ಬೆರಳುಗಳೇ ಇಲ್ಲ, ಒಂದೊಂದು ಬೆರಳಿಗೂ ಎರಡೆರಡು ನೆರಳುಗಳಿವೆ’ ಎಂದರು. ಆ ನೆರಳುಗಳು ಹೇಗೆ ಹುಟ್ಟಿದವೆಂಬುದನ್ನು ಅವರಿಂದ ಕೇಳಿ, ಅನಂತರ ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ. ತಪ್ಪು ಆ ಸ್ಟುಡಿಯೋದವರದು ಎಷ್ಟೋ, ಏನೆಂದು ವಿಚಾರಿಸದೆ ಒಪ್ಪಿದ ನನ್ನದೂ ಅಷ್ಟೇ. ಇನ್ನೂ ಹನ್ನೊಂದು ಕ್ಯಾಸೆಟ್ಟುಗಳು ಶಾಲೆಯ ಕಪಾಟಿನಲ್ಲಿ ಇರುವುದರಿಂದ ಈ ವಿಚಾರವು ಕೇವಲ ಪಶ್ಚಾತ್ತಾಪದ್ದಲ್ಲ.

ಅರ್ಧಚಿತ್ರಗಳ ಹುಟ್ಟು

ಚಲನಚಿತ್ರವೆಂಬುದು ನಿಶ್ಚಲಚಿತ್ರಗಳ ಸಾಲು ಎಂಬುದು ಸರ್ವವಿದಿತ. ಸಿನಿಮಾ ರೀಲಿನಲ್ಲಿ ಪ್ರತಿಯೊಂದು ಚೌಕಟ್ಟೂ ಒಂದು ಕ್ಷಣದ ಪೂರ್ಣಚಿತ್ರ. ಇದನ್ನೇ ಫ್ರೇಮ್ ಎನ್ನುತ್ತಾರೆ. ಮೂಕಿಚಿತ್ರಗಳ ಕಾಲದಲ್ಲಿ ವೇಗಕ್ಕೆ ನಿಯಮವಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಮಾತಿನ ಚಿತ್ರಗಳು ಬಂದಾಗ, ಧ್ವನಿಯು ಏರುಪೇರಾಗದಂತೆ ಸೆಕೆಂಡಿಗೆ 24 ಚಿತ್ರಗಳೆಂಬ ವೇಗವು ಸ್ಥಿರವಾಯಿತು. 24 ಬಾರಿ ಮಾತ್ರ ಬೆಳಕು ಮಿನುಗಿದರೆ ಕಣ್ಣು ಮಿಟುಕಿದಂತಾಗುವುದರಿಂದ, ಪ್ರಕ್ಷೇಪಕ ಯಂತ್ರವು ಒಂದೊಂದು ಚಿತ್ರವನ್ನೂ ಎರಡೆರಡು ಬಾರಿ ತೆರೆಗೆ ಬೀರುತ್ತಿತ್ತು.

ದೂರದರ್ಶನದ ಶಿಲ್ಪಿಗಳಿಗೆ ಈ ಉಪಾಯವು ಲಭ್ಯವಿರಲಿಲ್ಲ. ಅಲ್ಲಿ ಚಿತ್ರವು ಒಮ್ಮೆಲೇ ಮೂಡುವುದಿಲ್ಲ. ಎಲೆಕ್ಟ್ರಾನ್ ಕಿರಣವು ಲೇಖಕನ ಕಂಠದಂತೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಪಂಕ್ತಿಪಂಕ್ತಿಯಾಗಿ ಬರೆಯುತ್ತ ಹೋಗುತ್ತದೆ. ಸೆಕೆಂಡಿಗೆ 25 ಪೂರ್ಣಚಿತ್ರಗಳನ್ನು ಬರೆದರೆ ತೆರೆ ಮಿಟುಕುತ್ತದೆ. 50 ಪೂರ್ಣಚಿತ್ರಗಳನ್ನು ಕಳುಹಿಸೋಣವೆಂದರೆ ಪ್ರಸಾರಕ್ಕೆ ಬೇಕಾದ ತರಂಗಗಳ ಹರವು ಇಮ್ಮಡಿಯಾಗುತ್ತದೆ. ಇದಕ್ಕೆ ಪರಿಹಾರವಾಗಿ ಜರ್ಮನಿಯ ಟೆಲಿಫುಂಕೆನ್ ಸಂಸ್ಥೆಯ ಫ್ರಿಟ್ಸ್ ಶ್ರೋಟರ್ 1930ರಲ್ಲಿಯೂ, ಅಮೆರಿಕದ ಆರ್.ಸಿ.ಎ. ಸಂಸ್ಥೆಯ ರ‍್ಯಾಂಡಲ್ ಬ್ಯಾಲರ್ಡ್ 1932ರಲ್ಲಿಯೂ ಒಂದು ಉಪಾಯವನ್ನು ಮುಂದಿಟ್ಟರು. ಮೊದಲು 1, 3, 5 ಎಂಬ ಬೆಸಸಂಖ್ಯೆಯ ಪಂಕ್ತಿಗಳನ್ನು ಮಾತ್ರ ಬರೆಯುವುದು. ಬಳಿಕ ಹಿಂತಿರುಗಿ 2, 4, 6 ಎಂಬ ಸಮಸಂಖ್ಯೆಯ ಪಂಕ್ತಿಗಳನ್ನು ನಡುನಡುವೆ ತುಂಬುವುದು. ಹೀಗೆ ಸೆಕೆಂಡಿಗೆ 50 ಅರ್ಧಚಿತ್ರಗಳು ಮೂಡುತ್ತವೆ, ಮಿಟುಕು ಅಡಗುತ್ತದೆ, ತರಂಗಗಳ ಖರ್ಚು 25 ಪೂರ್ಣಚಿತ್ರಗಳದ್ದೇ ಇರುತ್ತದೆ. ಈ ಅರ್ಧಚಿತ್ರಕ್ಕೆ ಫೀಲ್ಡ್ ಎಂದೂ, ಹೆಣೆಯುವ ಈ ಪದ್ಧತಿಗೆ ಇಂಟರ್‌ಲೇಸಿಂಗ್ ಎಂದೂ ಹೆಸರು. ಚಿತ್ರಕಾವ್ಯದ ಗೋಮೂತ್ರಿಕಾ ಬಂಧದಲ್ಲಿ ಮೇಲಿನ ಪಂಕ್ತಿಯ ಒಂದಕ್ಷರ, ಕೆಳಗಿನ ಪಂಕ್ತಿಯ ಮರು ಅಕ್ಷರ ಎಂದು ಅಂಕುಡೊಂಕಾಗಿ ಓದುವುದನ್ನು ಬಲ್ಲ ಅಧ್ಯಾಪಕರಿಗೆ ಇದು ಸುಲಭವಾಗಿ ಮನದಟ್ಟಾದೀತು.

1936ರ ನವೆಂಬರ್ ತಿಂಗಳಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಬಿ.ಬಿ.ಸಿ.ಯವರು ಆರಂಭಿಸಿದ ಸೇವೆಯಲ್ಲಿ 405 ಪಂಕ್ತಿಗಳ ಇಂತಹ ಹೆಣೆದ ಚಿತ್ರವನ್ನು ಬಳಸಿದರು. ವಿದ್ಯುತ್ತಿನ ಆವರ್ತನವು 50 ಇದ್ದ ದೇಶಗಳಲ್ಲಿ ಅರ್ಧಚಿತ್ರಗಳು 50 ಆದವು. 60 ಇದ್ದ ಅಮೆರಿಕದಲ್ಲಿ 60 ಆದವು. ನಮ್ಮ ದೇಶದಲ್ಲಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾರಂಭವಾದ ದೂರದರ್ಶನವೂ, 1982ರಲ್ಲಿ ಏಷ್ಯಾ ಕ್ರೀಡಾಕೂಟದ ವರ್ಷದಲ್ಲಿ ಬಂದ ಬಣ್ಣದ ಪ್ರಸಾರವೂ 625 ಪಂಕ್ತಿ, 50 ಅರ್ಧಚಿತ್ರಗಳ ಕ್ರಮವನ್ನೇ ಅನುಸರಿಸಿದವು. ಮದುವೆಮನೆಗಳಲ್ಲಿಯೂ ಶಾಲಾ ಸಮಾರಂಭಗಳಲ್ಲಿಯೂ ಬಳಕೆಯಾದ ಕ್ಯಾಮೆರಾಗಳು ಅದೇ ಕ್ರಮದವು. 625ರಲ್ಲಿ ಚಿತ್ರವನ್ನು ಹೊತ್ತಿರುವ ಪಂಕ್ತಿಗಳು 576. ಒಂದೊಂದು ಅರ್ಧಚಿತ್ರಕ್ಕೆ 288.

ಇಲ್ಲಿ ಒಂದು ಮರ್ಮವನ್ನು ಗಮನಿಸಬೇಕು. ಈ ಎರಡು ಅರ್ಧಚಿತ್ರಗಳು ಒಂದೇ ಕ್ಷಣದವುಗಳಲ್ಲ. ಕ್ಯಾಮೆರಾವು ಎರಡನೆಯ ಅರ್ಧವನ್ನು ಸೆಕೆಂಡಿನ 50ನೆಯ ಒಂದು ಭಾಗದಷ್ಟು ತಡವಾಗಿ ಕಂಡಿರುತ್ತದೆ. ಸೆಕೆಂಡಿಗೆ ಒಂದು ಮೀಟರಿನಂತೆ ಚಲಿಸುವ ಕೈಯು ಆ ಅವಧಿಯಲ್ಲಿ ಎರಡು ಸೆಂಟಿಮೀಟರು ಸರಿದಿರುತ್ತದೆ. ಬೆರಳಿನ ಅಗಲ ಅದಕ್ಕಿಂತ ಕಡಮೆ. ಹಳೆಯ ಗಾಜಿನ ನಳಿಗೆಯ ದೂರದರ್ಶನವು ಅರ್ಧಚಿತ್ರಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿದ್ದುದರಿಂದ ತೊಂದರೆಯಿರಲಿಲ್ಲ. ಇಂದಿನ ಗಣಕ, ಮೊಬೈಲ್, ಚಪ್ಪಟೆ ದೂರದರ್ಶನಗಳಾದರೋ ಪೂರ್ಣಚಿತ್ರವನ್ನು ಒಮ್ಮೆಗೇ ತೋರಿಸುವ ಪ್ರೊಗ್ರೆಸಿವ್ ಕ್ರಮದವು. ಎರಡು ಅರ್ಧಗಳನ್ನು ಹಾಗೆಯೇ ಕೂಡಿಸಿ ಅವುಗಳಲ್ಲಿ ತೋರಿಸಿದರೆ, ನಿಶ್ಚಲವಾದ ಗೋಡೆ ಕಂಬಗಳು ಚೆನ್ನಾಗಿಯೇ ಕಾಣುತ್ತವೆ. ಚಲಿಸುವ ಕೈಯ ಅಂಚಿನಲ್ಲಿ ಮಾತ್ರ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಮೂಡುತ್ತವೆ. ಆದುದರಿಂದ ಹೆಣಿಗೆಯನ್ನು ಎಲ್ಲಿಯಾದರೂ ಒಂದೆಡೆ ಬಿಡಿಸುವುದು ಅನಿವಾರ್ಯ.

ಸಿನಿಮಾದ ನಡೆ

ಹೆಣಿಗೆ ಬಿಡಿಸುವುದೇ ಬೇರೆ, ‘ಸಿನಿಮಾದ ಹಾಗೆ’ ಮಾಡುವುದೇ ಬೇರೆ. ಸೆಕೆಂಡಿಗೆ 50 ಬಾರಿ ಚಲನೆಯನ್ನು ಕಾಣುವ ವಿಡಿಯೋ ಚಿತ್ರವು ಬಹು ನಯವಾಗಿ, ಎದುರಿಗೇ ನಡೆಯುತ್ತಿರುವಂತೆ ತೋರುತ್ತದೆ. 24 ಬಾರಿ ಮಾತ್ರ ಕಾಣುವ ಸಿನಿಮಾದ ನಡೆಯಲ್ಲಿ ಒಂದು ಬಿಡುವು, ಒಂದು ಗಾಂಭೀರ್ಯ ಉಂಟು; ತಲೆಮಾರುಗಳಿಂದ ಕಥೆಗಳನ್ನು ಆ ನಡೆಯಲ್ಲೇ ನೋಡಿದ ಕಣ್ಣು ಅದನ್ನು ಕಥನದ ನಡೆಯೆಂದೇ ಗ್ರಹಿಸುತ್ತದೆ. ಆ ಸೊಗಸನ್ನು ಬಯಸಿದವರನ್ನು ಹಳಿಯಲಾಗದು. ಬ್ರಿಟನ್ನಿನ ಡ್ಯಾನಿ ಬಾಯ್ಲ್ ಅವರ ‘28 ಡೇಸ್ ಲೇಟರ್’ ಎಂಬ 2002ರ ಚಲನಚಿತ್ರದ ಬಹುಭಾಗವನ್ನು ಸಣ್ಣ ಡಿಜಿಟಲ್ ವಿಡಿಯೋ ಕ್ಯಾಮೆರಾಗಳಿಂದಲೇ ಚಿತ್ರೀಕರಿಸಿ ಸಿನಿಮಾ ರೀಲಿಗೆ ಇಳಿಸಿದರು. ಅದೇ ವರ್ಷ ಪ್ಯಾನಸೋನಿಕ್ ಸಂಸ್ಥೆಯವರು ಸೆಕೆಂಡಿಗೆ 24 ಪೂರ್ಣಚಿತ್ರಗಳನ್ನೇ ಹಿಡಿಯಬಲ್ಲ ಕೈಕ್ಯಾಮೆರಾವನ್ನು ಮಾರುಕಟ್ಟೆಗೆ ತಂದರು. ಅಲ್ಲಿಂದ ಮುಂದಿನ ಚಿತ್ರಗಳಿಗೆ ಬಿಡಿಸುವ ಗೋಜು ಕ್ರಮೇಣ ತಪ್ಪಿತು. ಅದಕ್ಕೆ ಹಿಂದಿನ ಕ್ಯಾಸೆಟ್ಟುಗಳಿಗೆ ಮಾತ್ರ ಆ ಭಾಗ್ಯವಿಲ್ಲ.

ಚಿತ್ರಸಂಖ್ಯೆಯೊಂದೇ ಸಿನಿಮಾದ ಗುಣವಲ್ಲವೆಂಬುದನ್ನೂ ನೆನಪಿಡಬೇಕು. ಬೆಳಕಿನ ವಿನ್ಯಾಸ, ಬಣ್ಣಗಳ ಹದ, ಹಿಂದಿನ ದೃಶ್ಯವನ್ನು ಮಸುಕಾಗಿಸುವ ಮಸೂರದ ಶಕ್ತಿ ಇವುಗಳೆಲ್ಲ ಸೇರಿ ಆ ಗುಣವಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಸಭಾಭವನದ ಚಿತ್ರವನ್ನು 24ಕ್ಕೆ ಇಳಿಸಿದ ಮಾತ್ರಕ್ಕೆ ಅದು ಸಿನಿಮಾ ಆಗಲಾರದು.

ಲೋಪ, ಆಗಮ, ಆದೇಶ

ಹೆಣೆದ ಚಿತ್ರವನ್ನು ಬಿಡಿಸುವ ಮಾರ್ಗಗಳನ್ನು ಕೇಳುತ್ತಿದ್ದಂತೆ ನನಗೆ ನಮ್ಮ ಸಂಧಿಪ್ರಕರಣವೇ ನೆನಪಾಯಿತು. ಊರು ಎಂಬುದಕ್ಕೆ ಅಲ್ಲಿ ಸೇರಿ ಊರಲ್ಲಿ ಎಂದಾಗ ಒಂದು ಸ್ವರವು ಲೋಪವಾಗುತ್ತದೆ. ಮನೆಯಲ್ಲಿ ಎಂಬಲ್ಲಿ ಹೊಸದಾಗಿ ಯಕಾರವು ಆಗಮಿಸುತ್ತದೆ. ಮಳೆಗಾಲ ಎಂಬಲ್ಲಿ ಕಕಾರದ ಸ್ಥಾನಕ್ಕೆ ಗಕಾರವು ಆದೇಶವಾಗಿ ಬರುತ್ತದೆ. ಚಿತ್ರದ ವಿಷಯದಲ್ಲಿಯೂ ಮುಖ್ಯ ಮಾರ್ಗಗಳು ಈ ಮೂರೇ.

ಮೊದಲನೆಯದು ಲೋಪ. ಪ್ರತಿ ಜೋಡಿಯಲ್ಲಿ ಒಂದು ಅರ್ಧಚಿತ್ರವನ್ನು ತೊರೆದು, ಉಳಿದ 288 ಪಂಕ್ತಿಗಳನ್ನೇ 576ರ ಎತ್ತರಕ್ಕೆ ಹಿಗ್ಗಿಸುವುದು. ಕೆಲಸ ಸುಲಭ, ನಡೆಯು ಸೆಕೆಂಡಿಗೆ 25 ಆಗಿ ಸಿನಿಮಾಕ್ಕೆ ಸಮೀಪವಾಗುತ್ತದೆ. ಆದರೆ ಚಿತ್ರದ ವಿವರವೂ ಚಲನೆಯ ವಿವರವೂ ಅರ್ಧಕ್ಕರ್ಧ ನಷ್ಟವಾಗುತ್ತವೆ. ಓರೆಗೆರೆಗಳು ಮೆಟ್ಟಿಲಿನಂತೆ ಕಾಣುತ್ತವೆ.

ಎರಡನೆಯದು ಆಗಮ. ಯಾವ ಅರ್ಧಚಿತ್ರವನ್ನೂ ತೊರೆಯದೆ, ಒಂದೊಂದರಲ್ಲಿಯೂ ಇಲ್ಲದಿರುವ ಪಂಕ್ತಿಗಳನ್ನು ಮೇಲಿನ ಕೆಳಗಿನ ಪಂಕ್ತಿಗಳ ಸರಾಸರಿಯಿಂದ ತುಂಬುವುದು. ಆಗ 50 ಅರ್ಧಚಿತ್ರಗಳಿಂದ 50 ಪೂರ್ಣಚಿತ್ರಗಳು ಸಿದ್ಧವಾಗುತ್ತವೆ. ಚಲನೆಯು ಪೂರ್ತಿಯಾಗಿ ಉಳಿಯುತ್ತದೆ. ಸೀರೆಯ ಅಂಚು, ಫಲಕದ ಅಕ್ಷರ ಮುಂತಾದ ಸಣ್ಣ ಅಡ್ಡಗೆರೆಗಳು ಮಾತ್ರ ಮೇಲೆ ಕೆಳಗೆ ಅದುರುತ್ತವೆ.

ಮೂರನೆಯದು ಆದೇಶ. ಗಣಕದ ತಂತ್ರಾಂಶವು ಹಿಂದಿನ ಮುಂದಿನ ಅರ್ಧಚಿತ್ರಗಳನ್ನು ಪರಿಶೀಲಿಸಿ, ನಿಶ್ಚಲವಾದ ಭಾಗಗಳಲ್ಲಿ ಎರಡನ್ನೂ ಕೂಡಿಸಿ ಪೂರ್ಣ ವಿವರವನ್ನು ಉಳಿಸುತ್ತದೆ. ಚಲಿಸಿದ ಭಾಗಗಳಲ್ಲಿ ಮಾತ್ರ, ಇರಬೇಕಾದುದನ್ನು ಊಹಿಸಿ ಆ ಸ್ಥಾನದಲ್ಲಿ ಇರಿಸುತ್ತದೆ. ಯಾಡಿಫ್ ಎಂಬ ಸಾಧನವೂ, ಚಲನೆಯ ದಿಕ್ಕನ್ನೇ ಅಳೆದು ನಡೆಯುವ ಕ್ಯು.ಟಿ.ಜಿ.ಎಂ.ಸಿ. ಎಂಬ ಸಾಧನವೂ ಈ ಬಗೆಯವು. ಇವೆರಡೂ ಉಚಿತವಾಗಿ ದೊರೆಯುತ್ತವೆ. ಎರಡನೆಯದು ನಿಧಾನ, ಫಲವು ಉತ್ತಮ. ಆದರೂ ಬೆರಳಮೇಲೆ ಬೆರಳು ಹಾಯುವಂತಹ ಎಡೆಗಳಲ್ಲಿ ಯಂತ್ರದ ಊಹೆಯು ತಪ್ಪುವುದುಂಟು.

ಈ ಮೂರರಲ್ಲಿಯೂ ಸೇರದ ಇನ್ನೊಂದು ಮಾರ್ಗವಿದೆ; ಎರಡು ಅರ್ಧಚಿತ್ರಗಳನ್ನು ಕಲಸಿ ಒಂದು ಮಾಡುವುದು. ಇದು ಎರಡು ಅಕ್ಷರಗಳನ್ನು ಒಂದರ ಮೇಲೊಂದು ಬರೆದು, ಎರಡನ್ನೂ ಉಳಿಸಿದೆನೆಂದು ಹೇಳಿದಂತೆ. ಬಾಚಣಿಗೆಯ ಹಲ್ಲುಗಳು ಮಾಯವಾಗುತ್ತವೆ, ಚಲನೆಯು ಮೃದುವಾಗಿ ತೋರುತ್ತದೆ. ಆದರೆ ಚಲಿಸುವ ವಸ್ತುವಿಗೆ ಎರಡು ನೆರಳುಗಳು ಅಂಟಿಕೊಳ್ಳುತ್ತವೆ. ಆ ಬಳಿಕ ಅವನ್ನು ಬೇರ್ಪಡಿಸುವುದು ಬಹು ಕಷ್ಟ. ನನ್ನ ಗುರುಗಳ ಕೈಗೆ ಆದುದು ಇದೇ. ಮಾತ್ರೆ ಮಾತ್ರೆಯನ್ನು ಬಿಡಿಸಿ ತೋರಿಸಿದ ಕೈಯಲ್ಲಿ ಮಾತ್ರೆಗಳೇ ಕಲಸಿಹೋದವು.

ಧ್ವನಿಯು ತಗ್ಗಿದ್ದುದಕ್ಕೂ ಕಾರಣವಿದೆ. ನಮ್ಮ ಕ್ಯಾಸೆಟ್ಟುಗಳಿಂದ ಸಹಜವಾಗಿ ದೊರೆಯುವುದು 25, ಸಿನಿಮಾದ್ದು 24. ಆ ಒಂದನ್ನು ಹೊಂದಿಸಲು ಪ್ರತಿ ಸೆಕೆಂಡಿಗೆ ಒಂದು ಚಿತ್ರವನ್ನು ಕಿತ್ತರೆ ನಡೆಯು ಸೆಕೆಂಡಿಗೊಮ್ಮೆ ಮುಗ್ಗರಿಸುತ್ತದೆ. ಇಲ್ಲವೇ ಇಡೀ ಚಿತ್ರವನ್ನು ನೂರಕ್ಕೆ ನಾಲ್ಕರಷ್ಟು ನಿಧಾನಗೊಳಿಸಬೇಕು. ಆಗ ಒಂದು ಗಂಟೆಯ ಕಾರ್ಯಕ್ರಮವು ಅರುವತ್ತೆರಡೂವರೆ ನಿಮಿಷವಾಗುತ್ತದೆ. ಧ್ವನಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಶ್ರುತಿಯು ಅರ್ಧಸ್ವರಕ್ಕಿಂತ ತುಸು ಕಡಮೆ ಇಳಿಯುತ್ತದೆ. ಗಮಕ, ವಚನಗಾಯನಗಳ ಧ್ವನಿಮುದ್ರಣಕ್ಕೆ ಇದು ಸಣ್ಣ ದೋಷವಲ್ಲ. 25ಕ್ಕೂ 24ಕ್ಕೂ ಕಣ್ಣಿಗೆ ತೋರುವ ಭೇದವು ಅತ್ಯಲ್ಪವಾದುದರಿಂದ, ಸಿನಿಮಾದ ನಡೆ ಬೇಕೆನ್ನುವವರು 25ರಲ್ಲಿಯೇ ನಿಲ್ಲುವುದು ಲೇಸು.

ಒಂದು ಅಪವಾದವನ್ನೂ ಹೇಳಬೇಕು. ಮೂಲತಃ ಸಿನಿಮಾ ರೀಲಿನಲ್ಲಿದ್ದ ಚಿತ್ರವನ್ನು ನಮ್ಮಲ್ಲಿ ದೂರದರ್ಶನಕ್ಕಾಗಿ ಹೆಣೆದಿದ್ದರೆ, ಎರಡು ಅರ್ಧಗಳೂ ಒಂದೇ ಕ್ಷಣದವು. ಅವನ್ನು ಕೂಡಿಸಿದರೆ ಮೂಲದ ಪೂರ್ಣಚಿತ್ರವು ಕುಂದಿಲ್ಲದೆ ಮರಳಿ ದೊರೆಯುತ್ತದೆ. ಅಮೆರಿಕದಲ್ಲಿ 24 ಚಿತ್ರಗಳನ್ನು 60 ಅರ್ಧಚಿತ್ರಗಳಾಗಿಸಲು ಒಂದನ್ನು ಎರಡು ಬಾರಿ, ಮುಂದಿನದನ್ನು ಮೂರು ಬಾರಿ ಎಂಬ ಸರದಿಯನ್ನು ಅನುಸರಿಸುತ್ತಿದ್ದರು; ಸರದಿಯನ್ನು ಗುರುತಿಸಿದರೆ ಅದನ್ನೂ ಬಿಡಿಸಬಹುದು. ಆದರೆ ವಿಡಿಯೋ ಕ್ಯಾಮೆರಾದಿಂದಲೇ ಹುಟ್ಟಿದ ನಮ್ಮ ಸಮಾರಂಭಗಳ ಚಿತ್ರದಲ್ಲಿ ಪೂರ್ಣಚಿತ್ರವೆಂಬುದು ಮೊದಲೇ ಇರಲಿಲ್ಲ. ಅಲ್ಲಿ ನಾವು ಮರಳಿ ಪಡೆಯುತ್ತಿಲ್ಲ, ಹೊಸದಾಗಿ ರಚಿಸುತ್ತಿದ್ದೇವೆ.

ಮೂಲವನ್ನು ಕಳೆದುಕೊಂಡವರ ಕಥೆ

ಈ ತಪ್ಪು ನಮ್ಮಂತಹ ಸಣ್ಣವರಿಂದ ಮಾತ್ರ ಆದುದಲ್ಲ. 1963ರಲ್ಲಿ ಬಿ.ಬಿ.ಸಿ.ಯವರು ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯು ವಿಡಿಯೋ ಟೇಪಿನಲ್ಲಿ ಮುದ್ರಿತವಾಗುತ್ತಿತ್ತು. ಹೊರದೇಶಗಳಿಗೆ ಮಾರಲು ಅದನ್ನು ಸಿನಿಮಾ ಫಿಲ್ಮಿಗೆ ಇಳಿಸಿಕೊಂಡು, ದುಬಾರಿಯಾದ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿದರು. ಅನೇಕ ಕಂತುಗಳು ಸಂಪೂರ್ಣ ನಷ್ಟವಾದವು. ಉಳಿದ 1960ರ ದಶಕದ ಕಂತುಗಳು ಬಹುಮಟ್ಟಿಗೆ ಫಿಲ್ಮಿನ ಪ್ರತಿಗಳಾಗಿಯೇ ಉಳಿದವು. 50 ಬಾರಿ ಕಂಡ ಚಲನೆಯು 25ಕ್ಕೆ ಇಳಿದಿತ್ತು. ಈ ಶತಮಾನದ ಆರಂಭದಲ್ಲಿ ಅವುಗಳನ್ನು ಜೀರ್ಣೋದ್ಧಾರ ಮಾಡುವಾಗ, ಕಳೆದುಹೋದ ನಡುವಣ ಕ್ಷಣಗಳನ್ನು ಗಣಕದ ಊಹೆಯಿಂದ ಮರಳಿ ತುಂಬುವ ವಿಡ್‌ಫೈರ್ ಎಂಬ ಕ್ರಮವನ್ನು ಬಳಸಬೇಕಾಯಿತು. ಅಂದು ಸಿನಿಮಾದ ರೂಪವೇ ಸಾಕೆಂದು ಮೂಲವನ್ನು ತೊರೆದರು. ಇಂದು ಮೂಲದ ರೂಪವೇ ಬೇಕೆಂದು ಅದನ್ನು ಊಹಿಸುತ್ತಿದ್ದಾರೆ.

ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವ ನಮಗೆ ಇದರ ನೀತಿ ಹೊಸದಲ್ಲ. ಗರಿಯಲ್ಲಿ ಅಕ್ಷರವು ಹುಳುತಿಂದಿದ್ದರೆ ಸಂಪಾದಕನು ಊಹಿಸಿದ ಪಾಠವನ್ನು ಕಂಸದಲ್ಲಿ ಇಡುತ್ತಾನೆ. ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ಮುದ್ರಣವಾಯಿತೆಂದು ಗರಿಯನ್ನು ಒಲೆಗೆ ಹಾಕುವುದಿಲ್ಲ. ವಿಡಿಯೋ ಚಿತ್ರದಲ್ಲಿ ಊಹಿಸಿದ ಪಂಕ್ತಿಗೆ ಕಂಸವಿಲ್ಲ. ನೋಡುವವನಿಗೆ ಕ್ಯಾಮೆರಾವು ಕಂಡುದು ಯಾವುದು, ಯಂತ್ರವು ಸೇರಿಸಿದುದು ಯಾವುದು ಎಂದು ತಿಳಿಯುವ ಬಗೆಯೇ ಇಲ್ಲ. ಆದುದರಿಂದ ಇಲ್ಲಿ ಮೂಲವನ್ನು ಉಳಿಸುವ ಹೊಣೆಯು ಗ್ರಂಥಸಂಪಾದನೆಗಿಂತಲೂ ಹೆಚ್ಚಿನದು.

ಅನುಸರಿಸಬೇಕಾದ ಕ್ರಮ

ಉಳಿದಿರುವ ಹನ್ನೊಂದು ಕ್ಯಾಸೆಟ್ಟುಗಳ ವಿಷಯದಲ್ಲಿ ನನ್ನ ವಿನಂತಿ ಹೀಗಿದೆ. ಮೊದಲಿಗೆ ಕ್ಯಾಸೆಟ್ಟಿನಲ್ಲಿ ಇರುವುದನ್ನು ಇರುವಂತೆಯೇ, 50 ಅರ್ಧಚಿತ್ರಗಳ ಹೆಣಿಗೆಯನ್ನು ಬಿಡಿಸದೆ, ಗಣಕಕ್ಕೆ ಇಳಿಸಬೇಕು. ಡಿ.ವಿ. ಎಂಬ ಕ್ರಮದಲ್ಲಿ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟ್ ಸ್ಥಳ ಬೇಕು. ಮೂರು ಗಂಟೆಗಳ ಹನ್ನೊಂದು ಕ್ಯಾಸೆಟ್ಟುಗಳೂ ಸುಮಾರು 430 ಗಿಗಾಬೈಟಿನಲ್ಲಿ ಅಡಗುತ್ತವೆ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಇನ್ನೂ ಜಾಗ ಮಿಗುತ್ತದೆ. ಇಂತಹ ಎರಡು ಡಿಸ್ಕುಗಳು ಎರಡು ಬೇರೆ ಕಟ್ಟಡಗಳಲ್ಲಿರಲಿ. ಕ್ಯಾಸೆಟ್ಟುಗಳೂ ತೇವವಿಲ್ಲದೆಡೆಯಲ್ಲಿ ಹಾಗೆಯೇ ಇರಲಿ.

ಬಳಿಕ ಪ್ರತಿಯೊಂದರ ಮೇಲೆ ಮಾತ್ರ ಕೆಲಸ ನಡೆಯಲಿ. ಯಾವ ಅರ್ಧವು ಮೊದಲು, ಯಾವುದು ಬಳಿಕ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಡಿ.ವಿ. ಕ್ರಮದಲ್ಲಿ ಕೆಳಗಿನ ಪಂಕ್ತಿಗಳ ಅರ್ಧವು ಮೊದಲು ಬರುತ್ತದೆ. ಇದನ್ನು ತಿರುವುಮುರುವು ಮಾಡಿದರೆ ನಡೆಯುವವನು ಹೆಜ್ಜೆಹೆಜ್ಜೆಗೂ ಮುಂದೆ ಹಿಂದೆ ತುಯ್ದಾಡುವಂತೆ ಕಾಣುತ್ತಾನೆ. ಹೆಣಿಗೆಯನ್ನು ಬಿಡಿಸುವ ಮುನ್ನ ಚಿತ್ರದ ಎತ್ತರವನ್ನು ಹಿಗ್ಗಿಸಲೂ ಕುಗ್ಗಿಸಲೂ ಬಾರದು. ಪದಚ್ಛೇದಕ್ಕೆ ಮೊದಲೇ ಅನ್ವಯ ಮಾಡಿದಂತೆ ಪಂಕ್ತಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ನೋಡುವ ಪ್ರತಿಯನ್ನು ಸೆಕೆಂಡಿಗೆ 50 ಪೂರ್ಣಚಿತ್ರಗಳಾಗಿ ಸಿದ್ಧಪಡಿಸಿದರೆ ನೃತ್ಯ, ಕ್ರೀಡೆ, ಕೈಯ ಸನ್ನೆ ಯಾವುದೂ ಕುಂದದು. ಶಾಲೆಯ ಇತಿಹಾಸವನ್ನು ಕುರಿತ ಸಾಕ್ಷ್ಯಚಿತ್ರಕ್ಕೆಂದು ಸಿನಿಮಾದ ನಡೆ ಬೇಕಾದರೆ, ಆ 50ರಲ್ಲಿ ಒಂದು ಬಿಟ್ಟು ಒಂದನ್ನು ಆಯ್ದು 25ರ ಪ್ರತಿಯನ್ನು ಬೇರೆಯಾಗಿ ಮಾಡಿಕೊಳ್ಳಬಹುದು. ಯಾವ ಪ್ರತಿಯನ್ನು ಯಾವ ಕ್ರಮದಿಂದ ಮಾಡಿದೆವೆಂಬುದನ್ನು ಅದರೊಡನೆ ಬರೆದಿಡಬೇಕು. ಅದೇ ನಮ್ಮ ಕಂಸ.

ಈ ಕಾರ್ಯಕ್ಕೆ ಕಾಲಾವಕಾಶವು ಹೆಚ್ಚಿಲ್ಲ. ವಿ.ಎಚ್.ಎಸ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಸಂಸ್ಥೆಯು 2016ರ ಜುಲೈ ತಿಂಗಳಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಸುಸ್ಥಿತಿಯಲ್ಲಿರುವ ಹಳೆಯ ಯಂತ್ರಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ. ಮಳೆಗಾಲದ ತೇವದಿಂದ ಟೇಪಿಗೆ ಬೂಷ್ಟು ಹಿಡಿಯುತ್ತಿದೆ. ಕಟ್ಟಡಕ್ಕೂ ದಾಸೋಹಕ್ಕೂ ಉದಾರವಾಗಿ ನೀಡುತ್ತ ಬಂದಿರುವ ದಾನಿಗಳು, ಎರಡು ಡಿಸ್ಕು ಮತ್ತು ಒಂದು ಒಳ್ಳೆಯ ಯಂತ್ರದ ಬೆಲೆಯನ್ನು ಈ ಕೆಲಸಕ್ಕೆ ದಯಪಾಲಿಸಿದರೆ ಸಾಕು. ಬಿಡಿಸುವ ಕೆಲಸವನ್ನು ತಾವೇ ಮಾಡಿಕೊಡುವುದಾಗಿ ಮೇಲೆ ಹೇಳಿದ ಹಳೆಯ ವಿದ್ಯಾರ್ಥಿಯು ಒಪ್ಪಿದ್ದಾರೆ.

ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಪ್ರಾರ್ಥನೆ. 1996ರ ಸುವರ್ಣ ಮಹೋತ್ಸವದ ಕ್ಯಾಸೆಟ್ಟುಗಳ ಪ್ರತಿಗಳನ್ನು ಅಂದು ಹಲವರು ಕೇಳಿ ಪಡೆದುಕೊಂಡಿದ್ದರೆಂಬ ನೆನಪು ನನಗಿದೆ. ನಿಮ್ಮ ಮನೆಯ ಅಟ್ಟದಲ್ಲಿ, ಮದುವೆಯ ಕ್ಯಾಸೆಟ್ಟುಗಳ ನಡುವೆ, ಎರಡನೆಯ ದಿನದ ಪ್ರತಿಯೊಂದು ಉಳಿದಿದ್ದರೆ ದಯಮಾಡಿ ಅದನ್ನು ಯಂತ್ರಕ್ಕೆ ಹಾಕಿ ನೋಡಬೇಡಿರಿ. ಯಾರಿಗೂ ಪರಿವರ್ತನೆಗೆ ಕೊಡಬೇಡಿರಿ. ಇದ್ದಂತೆಯೇ ಶಾಲೆಗೆ ತಲುಪಿಸಿರಿ. ಪ್ರತಿಯ ಪ್ರತಿಯಾದುದರಿಂದ ಬಣ್ಣವು ಮಾಸಿರಬಹುದು, ಅಂಚುಗಳು ಮಂಕಾಗಿರಬಹುದು. ಅರ್ಧಚಿತ್ರಗಳು ಬೇರೆಬೇರೆಯಾಗಿ ಉಳಿದಿದ್ದರೆ ಸಾಕು. ಹೆಬ್ಬೆರಳು ಯಾವ ಗೆಣ್ಣಿನ ಮೇಲೆ ಯಾವ ಮಾತ್ರೆಗೆ ನಿಂತಿತೆಂಬುದನ್ನು ಎಣಿಸಿ, ಮುಂದಿನ ಮಕ್ಕಳಿಗೆ ಸರಿಯಾಗಿ ಕಲಿಸಬಹುದು.